ಅರ್ಹತಾ ಸುತ್ತಿನ ಅಂಕಪಟ್ಟಿ: ನಾನು ಲೆಕ್ಕ ಹಾಕುವ ರೀತಿ

ಕ್ರಿಕೆಟ್ ನೋಡಿ ಬೆಳೆದವರಿಗೆ ನೆಟ್ ರನ್ ರೇಟ್ ರಕ್ತದಲ್ಲೇ ಇರುತ್ತದೆ. ಹಾಗಾಗಿ ಫುಟ್‌ಬಾಲ್‌ನಲ್ಲಿ ಎರಡು ತಂಡಗಳ ಅಂಕ ಸಮವಾದ ಕೂಡಲೇ ಕಣ್ಣು ಗೋಲು ವ್ಯತ್ಯಾಸದ ಕಡೆ ಓಡುತ್ತದೆ. ಏಷ್ಯಾದ ಯುವ ಟೂರ್ನಿಗಳ ಅರ್ಹತಾ ಸುತ್ತಿನಲ್ಲಿ ಎಡವುವುದು ಅಲ್ಲೇ. ಎಎಫ್‌ಸಿ (ಏಷ್ಯಾದ ಫುಟ್‌ಬಾಲ್ ಒಕ್ಕೂಟ) ನಡೆಸುವ 17 ವರ್ಷದೊಳಗಿನವರ ಏಷ್ಯನ್ ಕಪ್‌ನ ಅರ್ಹತಾ ಪಂದ್ಯಗಳಿಗೆ ನಾನು ಪ್ರತಿ ಸಲ ನನ್ನದೇ ಎಕ್ಸೆಲ್ ಹಾಳೆ ಇಟ್ಟುಕೊಳ್ಳುತ್ತೇನೆ. ಅದನ್ನು ಕಟ್ಟುವ ಕ್ರಮ, ಅದು ಕೈಕೊಡುವ ಜಾಗ ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ನೋಡಬೇಕಾದ್ದು ಆ ವರ್ಷದ ನಿಯಮಾವಳಿ. ಹಳೆಯ ಹಾಳೆಯನ್ನೇ ನಕಲು ಮಾಡಿ ಹೆಸರು ಬದಲಿಸಿದರೆ ಕೆಟ್ಟಿತು. 2022ರ ಅರ್ಹತಾ ಸುತ್ತಿನಲ್ಲಿ ಹತ್ತು ಗುಂಪುಗಳಿದ್ದವು. ಗುಂಪಿನ ಮೊದಲಿಗರ ಜೊತೆ ಎರಡನೇ ಸ್ಥಾನದಲ್ಲಿ ಉತ್ತಮರಾದ ಕೆಲವರಿಗೂ ಜಾಗವಿತ್ತು. 2025ರ ನವೆಂಬರ್ ಹೊತ್ತಿಗೆ ಚಿತ್ರವೇ ಬೇರೆ. ಒಂಬತ್ತು ತಂಡಗಳಿಗೆ ನೇರ ಪ್ರವೇಶ ಸಿಕ್ಕಿತ್ತು. ಉಳಿದ 38 ತಂಡಗಳು ಏಳು ಗುಂಪುಗಳಲ್ಲಿ ಆಡಿದವು, ಗುಂಪಿಗೆ ಒಂದೇ ತಂಡ ಮುಂದಕ್ಕೆ. ಎರಡನೇ ಸ್ಥಾನಕ್ಕೆ ಕವಡೆ ಕಿಮ್ಮತ್ತಿಲ್ಲ. ಒಂದು ಮಾದರಿಯ ಸೂತ್ರ ಇನ್ನೊಂದಕ್ಕೆ ಕೂರುವುದಿಲ್ಲ.

ಹಾಳೆಯಲ್ಲಿ ಒಂದು ಪಂದ್ಯಕ್ಕೆ ಒಂದು ಸಾಲು. ದಿನಾಂಕ, ಮೊದಲ ತಂಡ, ಅದರ ಗೋಲು, ಎರಡನೇ ತಂಡದ ಗೋಲು, ಎರಡನೇ ತಂಡ. ಆಮೇಲೆ ಎರಡೂ ಕಡೆಯ ಕಾರ್ಡ್‌ಗಳು. ಗೋಲುಗಳನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯುವುದು ಅಂದಕ್ಕಲ್ಲ. ಒಂದೇ ಖಾನೆಯಲ್ಲಿ 2-1 ಎಂದು ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ.

ತಂಡದ ಹೆಸರನ್ನು ಪ್ರತಿ ಸಲ ಕೈಯಾರೆ ಬರೆಯಬೇಡಿ. ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದರೂ ಸಾಕು, ಆ ಪಂದ್ಯ ಮೊತ್ತಕ್ಕೆ ಸೇರುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಒಂದು ಕಡೆ ಪಟ್ಟಿ ಮಾಡಿ ಡ್ರಾಪ್‌ಡೌನ್‌ನಿಂದ ಆರಿಸಿ. ಎರಡು ಕೊರಿಯಾಗಳಿರುವ ಖಂಡದಲ್ಲಿ ಬರೀ ‘ಕೊರಿಯಾ’ ಎಂದು ಬರೆಯುವುದೂ ಬೇಡ.

ತಾಳೆ ನೋಡಲು ಮೂರು ಖಾನೆ ಸಾಕು. ಹೊಡೆದ ಗೋಲುಗಳ ಒಟ್ಟು ಬಿಟ್ಟುಕೊಟ್ಟ ಗೋಲುಗಳ ಒಟ್ಟಿಗೆ ಸಮ ಇರಬೇಕು. ಗೋಲು ವ್ಯತ್ಯಾಸಗಳನ್ನೆಲ್ಲ ಕೂಡಿದರೆ ಸೊನ್ನೆ ಬರಬೇಕು. ಗುಂಪಿನ ಎಲ್ಲ ಅಂಕಗಳ ಮೊತ್ತ, ಆಡಿದ ಪಂದ್ಯಗಳ ಮೂರರಷ್ಟರಲ್ಲಿ ಡ್ರಾಗಳ ಸಂಖ್ಯೆ ಕಳೆದಷ್ಟಿರಬೇಕು. ನಾಲ್ಕು ತಂಡಗಳ ಗುಂಪಿನಲ್ಲಿ ಆರು ಪಂದ್ಯ, ಐದರದ್ದರಲ್ಲಿ ಹತ್ತು, ಆರರದ್ದರಲ್ಲಿ ಹದಿನೈದು. ಹತ್ತು ಪಂದ್ಯಗಳಲ್ಲಿ ಎರಡು ಡ್ರಾ ಆಗಿದ್ದರೆ ಅಂಕ 28. ಬೇರೆ ಸಂಖ್ಯೆ ಕಂಡರೆ ಎಲ್ಲೋ ಒಂದು ಸಾಲು ತಪ್ಪಿದೆ.

ಇನ್ನು ನಿಜವಾದ ಕೆಲಸ. ಅಂಕ ಸಮವಾದಾಗ ಎಎಫ್‌ಸಿ ಕ್ರಮ ಹೀಗೆ: ಸಮವಾದ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯಗಳ ಅಂಕ, ಆ ಪಂದ್ಯಗಳದ್ದೇ ಗೋಲು ವ್ಯತ್ಯಾಸ, ಆ ಪಂದ್ಯಗಳದ್ದೇ ಗೋಲು. ಇವು ಮುಗಿದ ಮೇಲಷ್ಟೇ ಇಡೀ ಗುಂಪಿನ ಗೋಲು ವ್ಯತ್ಯಾಸ, ಒಟ್ಟು ಗೋಲು. ಇದಕ್ಕಾಗಿ ನಾನು ಪಕ್ಕದಲ್ಲೊಂದು ಕಿರುಪಟ್ಟಿ ಇಡುತ್ತೇನೆ. ಸಮವಾದ ತಂಡಗಳ ಮುಂದೆ 1 ಎಂದು ಗುರುತು ಹಾಕಿದರೆ, ಎರಡೂ ಕಡೆ ಆ ಗುರುತಿರುವ ಪಂದ್ಯಗಳನ್ನು ಮಾತ್ರ ಅದು ಎತ್ತಿಕೊಳ್ಳುತ್ತದೆ.

ಒಂದು ಕಾಲ್ಪನಿಕ ಗುಂಪು ತೆಗೆದುಕೊಳ್ಳಿ. ಅ, ಬ, ಕ, ಡ. ಅ ತಂಡ ಬ ಮೇಲೆ 2-0, ಬ ತಂಡ ಕ ಮೇಲೆ 1-0, ಕ ತಂಡ ಅ ಮೇಲೆ 1-0. ಡ ಎಲ್ಲರಿಗೂ ಸೋತಿದೆ: ಅ ಎದುರು 0-1, ಕ ಎದುರು 0-2, ಬ ಎದುರು 0-9. ಮೂವರಿಗೂ ಆರಾರು ಅಂಕ. ಒಟ್ಟು ಗೋಲು ವ್ಯತ್ಯಾಸ ನೋಡಿದರೆ ಬ +8, ಉಳಿದಿಬ್ಬರು +2. ರನ್ ರೇಟ್ ಕಣ್ಣಿಗೆ ಬ ತಂಡವೇ ಮೊದಲು. ಕಿರುಪಟ್ಟಿಯಲ್ಲಿ ಡ ಮಾಯವಾಗುತ್ತದೆ, ಅದರೊಂದಿಗೆ ಒಂಬತ್ತು ಗೋಲುಗಳೂ. ಉಳಿದದ್ದು ಅ +1, ಕ 0, ಬ −1. ಮೊದಲು ಎಂದುಕೊಂಡ ತಂಡ ಮೂರನೆಯದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಿರುವಿದೆ, ಬಲ್ಲವರೂ ಇಲ್ಲಿ ಜಾರುತ್ತಾರೆ. ಅದೇ ತಂಡಗಳ ಫಲಿತಾಂಶ ಸ್ವಲ್ಪ ಬದಲಿಸೋಣ: ಅ-ಬ 1-0, ಬ-ಕ 2-1, ಕ-ಅ 1-0. ಕಿರುಪಟ್ಟಿಯಲ್ಲಿ ಮೂವರಿಗೂ ಮೂರು ಅಂಕ, ವ್ಯತ್ಯಾಸ ಸೊನ್ನೆ. ಗೋಲು ಮಾತ್ರ ಬ 2, ಕ 2, ಅ 1. ಅ ಕೆಳಗಿಳಿಯಿತು. ಬ ಮತ್ತು ಕ ಇನ್ನೂ ಸಮ. ಈಗ ಒಟ್ಟು ಗೋಲು ವ್ಯತ್ಯಾಸಕ್ಕೆ ಹೋಗಬಾರದು. ಉಳಿದ ಇಬ್ಬರಿಗಷ್ಟೇ ಪರಸ್ಪರ ಲೆಕ್ಕವನ್ನು ಮೊದಲಿನಿಂದ ಮತ್ತೆ ಹಾಕಬೇಕು. ಬ ತಂಡ ಕ ತಂಡವನ್ನು 2-1ರಿಂದ ಸೋಲಿಸಿದೆ, ಬ ಮೊದಲು. ಹಾಳೆಯಲ್ಲಿ ಅ ಮುಂದಿನ 1 ಅಳಿಸಿದರೆ ಕೆಲಸ ಮುಗಿಯಿತು. ಇದನ್ನೂ ಒಂದೇ ಸೂತ್ರದಲ್ಲಿ ತುರುಕಲು ಹೋಗಿ ಹಾಳೆ ಕೆಡಿಸಿಕೊಂಡವರೇ ಹೆಚ್ಚು. ಗುರುತನ್ನು ಕೈಯಲ್ಲೇ ಅಳಿಸುವುದು ಕ್ಷೇಮ.

ಪರಸ್ಪರ ಲೆಕ್ಕವೂ ಸಮವಾದರೆ ಏನಾಗುತ್ತದೆ ಎನ್ನುವುದಕ್ಕೆ 2019ರ ತಾಷ್ಕೆಂಟ್ ಒಳ್ಳೆಯ ಉದಾಹರಣೆ. ಆಗ ಅದು 16 ವರ್ಷದೊಳಗಿನವರ ಚಾಂಪಿಯನ್‌ಷಿಪ್. ಭಾರತ ತುರ್ಕ್‌ಮೆನಿಸ್ತಾನ ಮತ್ತು ಬಹ್ರೇನ್ ಎರಡನ್ನೂ 5-0ರಿಂದ ಸೋಲಿಸಿ, ಆತಿಥೇಯ ಉಜ್ಬೇಕಿಸ್ತಾನದ ಜೊತೆ 1-1 ಡ್ರಾ ಮಾಡಿಕೊಂಡಿತು. ಇಬ್ಬರಿಗೂ ಏಳಂಕ. ಪರಸ್ಪರ ಪಂದ್ಯ ಏನನ್ನೂ ತೀರ್ಮಾನಿಸಲಿಲ್ಲ, ಒಟ್ಟು ವ್ಯತ್ಯಾಸ ತೀರ್ಮಾನಿಸಿತು, ಭಾರತದ +10 ಮೇಲೆ ನಿಂತಿತು. ದುರ್ಬಲ ತಂಡಕ್ಕೆ ಹಾಕುವ ಐದನೇ ಗೋಲಿಗೆ ಬೆಲೆ ಬರುವುದು ಇಂಥ ಸಂದರ್ಭದಲ್ಲಿ. 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ಇದರ ತದ್ವಿರುದ್ಧ. ಇರಾನ್ ಮೇಲೆ 2-1 ಗೆಲುವು, ಎರಡಕ್ಕೂ ಏಳಂಕ, ಒಂದೇ ಗೋಲಿನ ಅಂತರದ ಆ ಪಂದ್ಯವೇ ಭಾರತವನ್ನು ಗುಂಪಿನ ಮೇಲಕ್ಕೆ ತಂದಿತು. ಒಟ್ಟು ಗೋಲುಗಳನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಗೋಲುಗಳೂ ಸಮವಾಗಿ, ಸಮವಾದ ತಂಡಗಳು ಎರಡೇ ಆಗಿ, ಅವೆರಡೂ ಕೊನೆಯ ಪಂದ್ಯದಲ್ಲಿ ಎದುರುಬದುರಾಗಿದ್ದರೆ ಮೈದಾನದಲ್ಲೇ ಪೆನಾಲ್ಟಿ ಶೂಟೌಟ್. ಇಲ್ಲದಿದ್ದರೆ ಕಾರ್ಡ್ ಲೆಕ್ಕ: ಹಳದಿಗೆ 1, ಎರಡು ಹಳದಿಯಿಂದ ಬಂದ ಕೆಂಪಿಗೆ 3, ನೇರ ಕೆಂಪಿಗೆ 3, ಹಳದಿಯ ಮೇಲೆ ನೇರ ಕೆಂಪಿಗೆ 4. ಕಡಿಮೆ ಇರುವವರು ಮೇಲೆ. ಒಬ್ಬ ಆಟಗಾರನಿಗೆ ಒಂದು ಪಂದ್ಯದಲ್ಲಿ ಇವುಗಳಲ್ಲಿ ಒಂದೇ ಲೆಕ್ಕಕ್ಕೆ ಬರುತ್ತದೆ. ಎರಡು ಹಳದಿ ಪಡೆದು ಹೊರಹೋದವನಿಗೆ ಹಳದಿಯ ಎರಡನ್ನೂ ಸೇರಿಸಿ 5 ಮಾಡಿಬಿಡುವುದು ಸಾಮಾನ್ಯ ತಪ್ಪು. ಕೊನೆಗೆ ಚೀಟಿ ಎತ್ತುವುದು.

ಎರಡನೇ ಸ್ಥಾನದವರ ಪಟ್ಟಿ ಬೇರೆಯೇ ಪ್ರಾಣಿ. ಇವರು ಒಬ್ಬರನ್ನೊಬ್ಬರು ಎದುರಿಸಿಲ್ಲ, ಹಾಗಾಗಿ ಪರಸ್ಪರ ಲೆಕ್ಕವಿಲ್ಲ: ಅಂಕ, ವ್ಯತ್ಯಾಸ, ಗೋಲು, ಕಾರ್ಡ್. ಇಲ್ಲಿ ಮಾತ್ರ ಒಂದೇ ಸಂಖ್ಯೆಯ ಉಪಾಯ ನಡೆಯುತ್ತದೆ: ಅಂಕವನ್ನು 10000ದಿಂದ, ವ್ಯತ್ಯಾಸವನ್ನು 100ರಿಂದ ಗುಣಿಸಿ, ಗೋಲು ಕೂಡಿಸಿ, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ. ಆದರೆ ಅದಕ್ಕೆ ಮೊದಲು ಗುಂಪುಗಳ ಗಾತ್ರ ಸರಿದೂಗಿಸಬೇಕು. ಐದು ತಂಡಗಳ ಗುಂಪಿನಲ್ಲಿ ಆಡಿದವರಿಗೆ ಒಂದು ಪಂದ್ಯ ಹೆಚ್ಚು, ಹಾಗಾಗಿ ಕೊನೆಯ ಸ್ಥಾನದ ತಂಡದೆದುರಿನ ಫಲಿತಾಂಶ ಕಿತ್ತುಹಾಕಲಾಗುತ್ತದೆ.

2022ರಲ್ಲಿ ಸೌದಿಯಲ್ಲಿ ಭಾರತದ ಅಂಕಿಗಳನ್ನೇ ಅಭ್ಯಾಸಕ್ಕೆ ಹಾಕಿ ನೋಡಿ: ಮಾಲ್ಡೀವ್ಸ್ ಮೇಲೆ 5-0, ಕುವೈತ್ ಮೇಲೆ 3-0, ಮ್ಯಾನ್ಮಾರ್ ಮೇಲೆ 4-1, ಸೌದಿಯೆದುರು 1-2. ಒಂಬತ್ತಂಕ, 13 ಗೋಲು, ವ್ಯತ್ಯಾಸ +10, ಸಂಖ್ಯೆ 91013. ಕೊನೆಯ ಸ್ಥಾನ ಮಾಲ್ಡೀವ್ಸ್‌ದು ಎಂದಿಟ್ಟುಕೊಂಡು ಆ ಪಂದ್ಯ ಕಿತ್ತರೆ ಆರಂಕ, 8 ಗೋಲು, +5, ಸಂಖ್ಯೆ 60508. ಅತಿ ದೊಡ್ಡ ಗೆಲುವೇ ಪಟ್ಟಿಯಿಂದ ಹಾರಿಹೋಗುತ್ತದೆ. ಎರಡನೇ ಸ್ಥಾನದಲ್ಲಿದ್ದೂ ಭಾರತ ಆ ಸಲ ಅರ್ಹತೆ ಪಡೆಯಿತು.

ಇಲ್ಲಿ ನೆನಪಿಡಬೇಕಾದ್ದು, ಕೊನೆಯ ಸ್ಥಾನ ಯಾರದೆಂದು ಕೊನೆಯ ದಿನದವರೆಗೂ ಗೊತ್ತಿರುವುದಿಲ್ಲ. ನಾಲ್ಕನೇ ಮತ್ತು ಐದನೇ ತಂಡಗಳು ಕೊನೆಯ ಪಂದ್ಯದಲ್ಲಿ ಜಾಗ ಬದಲಿಸಿದರೆ, ಎರಡನೇ ತಂಡ ಮೈದಾನಕ್ಕಿಳಿಯದೆಯೇ ಅದರ ಅಂಕ ಬದಲಾಗುತ್ತದೆ. ಯಾವುದೋ ತಂಡ ಹಿಂದೆ ಸರಿದು ಒಂದು ಗುಂಪು ಮೂರಕ್ಕೆ ಇಳಿದರೆ, ನಾಲ್ಕರ ಗುಂಪುಗಳಲ್ಲೂ ಕೊನೆಯವರ ಲೆಕ್ಕ ಹೋಗುವ ಸಂಭವವಿದೆ. ಎಷ್ಟು ಕಿತ್ತುಹಾಕಬೇಕೆಂದು ಹೇಳುವುದು ಎಲ್ಲಕ್ಕಿಂತ ಸಣ್ಣ ಗುಂಪು. ಅಂದಹಾಗೆ ಈ ಪಟ್ಟಿಯಲ್ಲಿ ವ್ಯತ್ಯಾಸಗಳ ಮೊತ್ತ ಸೊನ್ನೆ ಬರುವುದಿಲ್ಲ, ಗಾಬರಿ ಬೇಡ.

ಕೊನೆಯ ದಿನದ ಸಾಧ್ಯತೆಗಳನ್ನು ಹಿಂದಿನ ರಾತ್ರಿಯೇ ಬರೆದಿಡುತ್ತೇನೆ. ಎರಡು ಪಂದ್ಯ ಬಾಕಿ ಇದ್ದರೆ ಒಂಬತ್ತು ಸಾಧ್ಯತೆ, ಆರು ತಂಡಗಳ ಗುಂಪಿನ ಮೂರು ಪಂದ್ಯಕ್ಕೆ 27. ಒಂಬತ್ತನ್ನು ಕೈಯಲ್ಲೇ ಬರೆಯಬಹುದು. 27ಕ್ಕೆ ಮೊದಲು ನಮ್ಮ ತಂಡಕ್ಕೆ ಸಂಬಂಧವಿಲ್ಲದ ಪಂದ್ಯ ಯಾವುದೆಂದು ನೋಡಿ ಬಿಟ್ಟುಬಿಡಿ, ಮತ್ತೆ ಒಂಬತ್ತಕ್ಕೆ ಇಳಿಯುತ್ತದೆ.

ಕೊನೆಯ ಸೀಟಿ ಊದಿದರೂ ಹಾಳೆ ಮುಚ್ಚುವುದಿಲ್ಲ. ಅನರ್ಹ ಆಟಗಾರನನ್ನು ಆಡಿಸಿದ್ದು ಸಾಬೀತಾದರೆ ಎದುರಾಳಿಗೆ 3-0 ಗೆಲುವು ಕೊಡಲಾಗುತ್ತದೆ. ಮೈದಾನದಲ್ಲಿ ಅದಕ್ಕಿಂತ ದೊಡ್ಡ ಅಂತರದಿಂದ ಗೆದ್ದಿದ್ದರೆ ಆ ಸ್ಕೋರೇ ಉಳಿಯುತ್ತದೆ. 2026ರ ಆವೃತ್ತಿಗೆ 2009ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರಷ್ಟೇ ಅರ್ಹರು, ಹುಡುಗರ ವಯಸ್ಸಿಗೆ ಮಣಿಕಟ್ಟಿನ ಎಂಆರ್‌ಐ ಕೂಡ ನೋಡುತ್ತಾರೆ. ಅದಕ್ಕೇ ಪ್ರತಿ ಸಾಲಿನಲ್ಲಿ ‘ಮೈದಾನದ ಸ್ಕೋರ್’ ಮತ್ತು ‘ಅಧಿಕೃತ ಸ್ಕೋರ್’ ಎಂದು ಎರಡು ಜೊತೆ ಖಾನೆ. ಸೂತ್ರಗಳೆಲ್ಲ ಓದುವುದು ಎರಡನೆಯದನ್ನು. ಮೊದಲನೆಯದಕ್ಕೆ ಬೀಗ ಹಾಕಿರುತ್ತೇನೆ.