ಮಾಗಿಯ ಬೆಳಗಿನ ಕೆಲಸ ಹಿಂದಿನ ಸಂಜೆಯೇ ಆಗಿರಬೇಕು

ಬೆಳಗಿನ ಜಾವ ಯಾರದೋ ಕಾರಿನ ಸೆಲ್ಫ್ ಕೊರ್ ಕೊರ್ ಅಂತ ಎಳೆಯುವುದು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಂಜಿನ್ ಹಿಡಿಯುತ್ತಿಲ್ಲ, ಇವನು ಕೀ ಬಿಡುತ್ತಿಲ್ಲ. ಹೆಡ್‌ಲೈಟು ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಹಾಡು ಬೇರೆ. ರಾತ್ರಿಯೆಲ್ಲ ಚಳಿಯಲ್ಲಿ ನಿಂತ ಬ್ಯಾಟರಿ ಇಷ್ಟನ್ನೂ ಹೊತ್ತುಕೊಂಡು ಎಂಜಿನ್ನನ್ನೂ ತಿರುಗಿಸಬೇಕು ಅಂದ್ರೆ ಎಲ್ಲಿಂದ ಆಗುತ್ತದೆ? ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಅಂತ ಸದ್ದು ಮಾತ್ರ. ಆಮೇಲೆ ಬೀದಿಯವರೆಲ್ಲ ಸ್ವೆಟರ್ ಹಾಕಿಕೊಂಡು ಬಂದು ತಳ್ಳಬೇಕು.

ನಮ್ಮ ಚಿಕ್ಕಮಗಳೂರಿಗೆ ಚಳಿ ಹೊಸದೇನಲ್ಲ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ತಲೆ ಮೇಲೆ ಇಟ್ಟುಕೊಂಡು ಕೂತ ಊರು ಇದು. ಧನುರ್ಮಾಸದಲ್ಲಿ ಆ ಕಡೆಯಿಂದ ಗಾಳಿ ಇಳಿದರೆ ಬೆಳಗ್ಗೆ ನಲ್ಲಿ ನೀರಿಗೆ ಕೈಯೊಡ್ಡಲು ಆಗುವುದಿಲ್ಲ, ಬೆರಳು ಮರಗಟ್ಟುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಮಾವ ಒಂದೇ ಮಾತು ಹೇಳುತ್ತಿದ್ದರು, ಮಾಗಿಯಲ್ಲಿ ಬೆಳಗಿನ ಕೆಲಸ ಹಿಂದಿನ ಸಂಜೆಯೇ ಮುಗಿದಿರಬೇಕು ಅಂತ. ಜೀಪಿಗೂ ಅದೇ ಮಾತು, ಅಡುಗೆಮನೆಗೂ ಅದೇ ಮಾತು. ಈಗಿನ ಮಕ್ಕಳು ಎದ್ದೇಳುವುದೇ ಏಳೂವರೆಗೆ. ಎಂಟಕ್ಕೆ ಗಾಡಿ ಹೊರಡಬೇಕು. ಆ ಅರ್ಧ ಗಂಟೆಯಲ್ಲಿ ಏನು ಮಾಡ್ತೀರಪ್ಪಾ?

ಮೊದಲು ಬ್ಯಾಟರಿ. ಒಳಗೆ ಸೀಸ, ಆಸಿಡ್ ಎರಡೂ ಸೇರಿ ಕರೆಂಟು ಕೊಡುತ್ತವೆ, ಚಳಿಗೆ ಆ ಕೆಲಸ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ, ತಿರುಗಿಸಲು ಜಾಸ್ತಿ ಬಲ ಬೇಕಾಗುತ್ತದೆ. ಬೇಸಿಗೆಯಲ್ಲಿ ಹೇಗೋ ಎಳೆದುಕೊಂಡು ಹೋದ ಹಳೆ ಬ್ಯಾಟರಿ ಡಿಸೆಂಬರಿನಲ್ಲಿ ಕೈ ಕೊಡುವುದು ಇದಕ್ಕೇ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕೂತಿದೆಯಾ ನೋಡಿ. ಇದ್ದರೆ ಭಾನುವಾರ ಮಧ್ಯಾಹ್ನ ಬಿಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿದರೆ ಸ್ಪ್ಯಾನರ್ ಕಾರಿನ ಕಬ್ಬಿಣದ ಮೈಗೆ ತಗುಲಿ ಕಿಡಿ ಹಾರುತ್ತದೆ. ಬಿಸಿ ನೀರಿಗೆ ಒಂದಿಷ್ಟು ಅಡುಗೆ ಸೋಡಾ ಕದಡಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬುರುಬುರು ನೊರೆ ಬಂದು ನಿಲ್ಲುವವರೆಗೆ ಉಜ್ಜಬೇಕು. ಆ ನೀರು ಬ್ಯಾಟರಿ ಮುಚ್ಚಳದ ಒಳಗೆ ಮಾತ್ರ ಹೋಗಬಾರದು. ಒರೆಸಿ, ಒಣಗಿಸಿ, ಬಿಗಿಯಾಗಿ ಹಾಕಿ, ಮೇಲೆ ವ್ಯಾಸಲೀನ್ ಸವರಿ. ಕೊಬ್ಬರಿ ಎಣ್ಣೆ ಸಾಕು ಅನ್ನುವವರಿದ್ದಾರೆ. ಸಾಲದು. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಎಂಜಿನ್ ಕಾದ ಕೂಡಲೇ ಹರಿದು ಹೋಗುತ್ತದೆ. ಅಂದಹಾಗೆ, ತಲೆಗೆ ಹಚ್ಚುವ ಎಣ್ಣೆ ಗಟ್ಟಿಯಾಯಿತು ಅಂತ ಪ್ಲಾಸ್ಟಿಕ್ ಬಾಟಲಿಯನ್ನು ಒಲೆ ಪಕ್ಕ ಇಡಬೇಡಿ. ಸ್ನಾನದ ಬಿಸಿನೀರಿನ ಚೊಂಬಿನಲ್ಲಿ ಇಟ್ಟರೆ ಸಾಕು.

ಸ್ಟಾರ್ಟ್ ಮಾಡುವಾಗ ಲೈಟು, ಫ್ಯಾನು, ಹಾಡು ಎಲ್ಲ ಆಫ್. ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ, ಗೇರಿನ ಭಾರ ತಪ್ಪುತ್ತದೆ. ಸೆಲ್ಫ್ ಹತ್ತು ಸೆಕೆಂಡಿಗಿಂತ ಜಾಸ್ತಿ ಎಳೆಯಬೇಡಿ. ಹಿಡಿಯಲಿಲ್ಲವಾ, ಅರ್ಧ ನಿಮಿಷ ಬಿಡಿ, ಬ್ಯಾಟರಿ ಸುಧಾರಿಸಿಕೊಳ್ಳಲಿ. ಡೀಸೆಲ್ ಗಾಡಿಯಾದರೆ ಕೀ ತಿರುಗಿಸಿದಾಗ ಸುರುಳಿ ಆಕಾರದ ಹಳದಿ ಲೈಟು ಬರುತ್ತದಲ್ಲ, ಅದು ಹೀಟರ್ ಪ್ಲಗ್ಗಿನದು. ಅದು ಆರುವವರೆಗೆ ಕಾಯಬೇಕು. ನಮ್ಮನೆಯವರು ತೋಟದ ಹಳೆ ಜೀಪಿನಲ್ಲಿ ಹೀಟರ್ ಹಾಕಿ, ಬೀಡಿ ಹಚ್ಚಿ, ಒಂದು ದಮ್ಮು ಎಳೆದ ಮೇಲೇ ಸೆಲ್ಫಿಗೆ ಕೈ ಹಾಕುತ್ತಿದ್ದರು. ಮೊದಲ ಸಲಕ್ಕೇ ಹಿಡಿಯುತ್ತಿತ್ತು. ಈಗಿನ ಗಾಡಿಗಳಲ್ಲಿ ಕೆಲವೇ ಸೆಕೆಂಡಿನ ಮಾತು, ಅದಕ್ಕೂ ಇವರಿಗೆ ತಾಳ್ಮೆ ಇಲ್ಲ. ಹಿಡಿದ ತಕ್ಷಣ ವ್ರೂಂ ವ್ರೂಂ ಅಂತ ರೇಸ್ ಮಾಡುವುದು ಬೇರೆ! ಆಯಿಲ್ ಇನ್ನೂ ಎಲ್ಲ ಕಡೆ ಏರಿರುವುದಿಲ್ಲ ಕಣ್ರೋ. ಅರ್ಧ ನಿಮಿಷವೋ ಒಂದು ನಿಮಿಷವೋ ಸುಮ್ನೆ ಬಿಟ್ಟು, ಮೊದಲ ಒಂದೆರಡು ಮೈಲಿ ನಿಧಾನಕ್ಕೆ ಓಡಿಸಿ. ಹೊರಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ. ಬೆಚ್ಚಗಿದೆ ಅಂತ ಬೆಕ್ಕು ಒಳಗೆ ಹೋಗಿ ಮಲಗಿರುತ್ತದೆ.

ಈಗ ಗಾಜಿನ ವಿಷಯ. ಇದನ್ನು ಸಮಾಧಾನವಾಗಿ ಓದಿ, ಯಾಕೆಂದರೆ ಇದರಲ್ಲೇ ಎಲ್ಲರೂ ತಪ್ಪು ಮಾಡುವುದು.

ಗಾಜು ಮಂಜಾಯಿತು ಅಂತ ಹಂಡೆಯಿಂದ ಬಿಸಿ ನೀರು ತಂದು ಸುರಿಯುವವರಿದ್ದಾರೆ. ಪಕ್ಕದ ಮನೆ ಹುಡುಗ ಹಾಗೇ ಮಾಡಿದ. ಮೊದಲೇ ಕಲ್ಲು ಸಿಡಿದು ಸಾಸಿವೆಯಷ್ಟು ಚುಕ್ಕೆ ಇದ್ದ ಗಾಜು. ನಾನು ಬೇಡ ಅನ್ನುವಷ್ಟರಲ್ಲಿ ಆ ಚುಕ್ಕೆಯಿಂದ ಒಂದು ಗೆರೆ ಹೊರಟು, ನಮ್ಮ ಕಣ್ಣೆದುರೇ ನಿಧಾನಕ್ಕೆ ಬಾಗುತ್ತಾ ಆ ತುದಿ ಮುಟ್ಟಿತು. ಸಾವಿರಾರು ರೂಪಾಯಿ ದಂಡ. ತಣ್ಣಗಿನ ಗಾಜಿಗೆ ಕುದಿ ನೀರು ಯಾವತ್ತೂ ಬೇಡ. ಹೊರಗಿನ ಇಬ್ಬನಿಗೆ ವೈಪರ್ ಸಾಕು.

ಕಷ್ಟ ಕೊಡುವುದು ಒಳಗಿನ ಮಂಜು. ಅನ್ನದ ಪಾತ್ರೆಯ ಮುಚ್ಚಳಕ್ಕೆ ನೀರು ಕಟ್ಟುವ ಹಾಗೆ, ನಿಮ್ಮ ಉಸಿರಿನ ಪಸೆ, ಒದ್ದೆ ಮ್ಯಾಟಿನ ಪಸೆ ಎಲ್ಲ ಹೋಗಿ ತಣ್ಣಗಿನ ಗಾಜಿಗೆ ಅಂಟುತ್ತದೆ. ಅದರ ಮೇಲೆ ಗಾಜಿಗೆ ಧೂಳು, ಎಣ್ಣೆ ಜಿಡ್ಡು, ಕೈಬೆರಳಿನ ಗುರುತು ಇದ್ದರೆ ಮುಗಿಯಿತು, ಹನಿಗಳು ಅದನ್ನೇ ಹಿಡಿದುಕೊಂಡು ಕೂರುತ್ತವೆ. ಅಂಗೈಯಿಂದ ಒರೆಸಿದಷ್ಟೂ ಜಿಡ್ಡು ಜಾಸ್ತಿ. ಎದುರಿನಿಂದ ಲಾರಿ ಲೈಟು ಬಿದ್ದರೆ ಏನೂ ಕಾಣದು.

ನಾನು ಮಾಡುವ ಕ್ರಮ ಹೇಳುತ್ತೇನೆ. ಹಳೆ ಹತ್ತಿ ಪಂಚೆ ಬೇಕು, ಒಗೆದು ಒಗೆದು ನೂಲು ಮೆತ್ತಗಾಗಿರಬೇಕು. ಹೊಸ ಬಟ್ಟೆ ನೀರು ಹೀರುವುದಿಲ್ಲ, ಟೆರಿಕಾಟಂತೂ ಬೇಡವೇ ಬೇಡ. ಒಗೆಯುವಾಗ ಆ ಘಮಘಮ ಕಂಫರ್ಟ್ ಹಾಕಿದ ಬಟ್ಟೆಯೂ ಆಗದು, ಅದರ ಜಿಡ್ಡು ಗಾಜಿಗೆ ಹತ್ತುತ್ತದೆ. ಪಂಚೆಯನ್ನು ಮೂರು ತುಂಡು ಮಾಡಿ ಇಟ್ಟುಕೊಳ್ಳಿ. ಕಾರನ್ನು ಮಧ್ಯಾಹ್ನದ ಮೇಲೆ ನೆರಳಿಗೆ ತನ್ನಿ. ಬಿಸಿಲಿನಲ್ಲಿ ಒರೆಸಿದರೆ ನೀರು ಬೇಗ ಆರಿ ಕಲೆ ಉಳಿಯುತ್ತದೆ. ಮೊದಲ ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ, ಒಳಗಿನ ಗಾಜನ್ನು ಮೇಲಿಂದ ಕೆಳಗೆ ಒರೆಸಿ. ಮೂಲೆಗೆ ಕೈ ಹೋಗುವುದಿಲ್ಲ ಅಂತ ಬಿಡಬೇಡಿ, ಮಂಜು ಶುರುವಾಗುವುದೇ ಅಲ್ಲಿ. ತುಂಡು ಕಪ್ಪಾಗುತ್ತದೆ, ಜಾಲಿಸಿ ಮತ್ತೆ ಒರೆಸಿ. ಕಪ್ಪು ಬರುವುದು ನಿಂತ ಮೇಲೆ ಎರಡನೇ ತುಂಡಿನಿಂದ ಒಣಗಿಸಿ. ಹೊರಗಿನ ಗಾಜನ್ನು ಮಾತ್ರ ಅಡ್ಡಡ್ಡ ಒರೆಸಿ. ಯಾಕೆ ಗೊತ್ತಾ? ಕೊನೆಗೆ ಗೆರೆ ಉಳಿದರೆ, ಉದ್ದ ಗೆರೆ ಒಳಗಿನದು, ಅಡ್ಡ ಗೆರೆ ಹೊರಗಿನದು ಅಂತ ಕೂತಲ್ಲೇ ತಿಳಿಯುತ್ತದೆ.

ಈಗ ಸೋಪು. ಮೈಗೆ ಹಚ್ಚಿ ಸವೆದ ಸೋಪಿನ ಚೂರು, ಚೆನ್ನಾಗಿ ಒಣಗಿದ್ದು. ಒದ್ದೆ ಇದ್ದರೆ ಬೇಡ. ಒಳಗಿನ ಗಾಜಿನ ಮೇಲೆ ಅದರಿಂದ ಹಗುರವಾಗಿ ಗೆರೆ ಎಳೆಯಿರಿ, ಒಂದು ಗೇಣಿಗೆ ಎರಡು ಮೂರು ಗೆರೆ ಇದ್ದರೆ ಸಾಕು. ಆಮೇಲೆ ಮೂರನೇ ತುಂಡು, ಪೂರ್ತಿ ಒಣಗಿದ್ದು, ಅದನ್ನು ಮುದ್ದೆ ಮಾಡಿಕೊಂಡು ಸುತ್ತು ಸುತ್ತಾಗಿ ಉಜ್ಜಿ. ಮೊದಲು ಗಾಜೆಲ್ಲ ಮಬ್ಬಾಗುತ್ತದೆ, ಹೆದರಬೇಡಿ. ಉಜ್ಜುತ್ತಾ ಹೋದಂತೆ ತಿಳಿಯಾಗುತ್ತದೆ. ಸೋಪು ಹಚ್ಚಿದ್ದೇ ಕಾಣಬಾರದು, ಅಲ್ಲಿಯವರೆಗೆ ಕೈ ನಿಲ್ಲಿಸಬೇಡಿ. ಕಣ್ಣಿಗೆ ಕಾಣದ ಆ ತೆಳು ಪದರ ಇದ್ದರೆ ಪಸೆ ಹನಿ ಹನಿಯಾಗಿ ಕೂರದೆ ಒಂದೇ ಸಮ ಹರಡಿಕೊಳ್ಳುತ್ತದೆ, ದಾರಿ ಕಾಣುತ್ತದೆ. ಒಂದು ವಾರ, ಹತ್ತು ದಿನ ತಡೆಯುತ್ತದೆ. ಹಿಂದಿನ ಗಾಜಿನಲ್ಲಿ ಹೀಟರ್ ಗೆರೆಗಳಿದ್ದರೆ ಆ ಗೆರೆಗಳ ಉದ್ದಕ್ಕೇ ಮೆಲ್ಲಗೆ ಒರೆಸಿ, ಅಡ್ಡ ಉಜ್ಜಿ ಕಿತ್ತುಹಾಕಬೇಡಿ. ಅಂಗಡಿಯಲ್ಲಿ ಬಾಟಲಿಯಲ್ಲಿ ಮಾರುವುದನ್ನು ನನ್ನ ಮೊಮ್ಮಗ ತಂದಿದ್ದ. ಅದಕ್ಕಿಂತ ನನ್ನ ಸೋಪಿನ ಚೂರೇ ಮೇಲು, ಬೇಕಾದರೆ ಅರ್ಧ ಗಾಜಿಗೆ ಅದು, ಅರ್ಧ ಗಾಜಿಗೆ ಇದು ಹಚ್ಚಿ ನೋಡಿ.

ಇಷ್ಟು ಮಾಡಿ ಒದ್ದೆ ಮ್ಯಾಟ್ ಒಳಗೇ ಬಿಟ್ಟರೆ ಏನೂ ಪ್ರಯೋಜನವಿಲ್ಲ. ತೋಟಕ್ಕೆ ಹೋಗಿ ಇಬ್ಬನಿ ಹುಲ್ಲು ತುಳಿದು ಬಂದ ಬೂಟಿನ ನೀರೆಲ್ಲ ಆ ಮ್ಯಾಟಿನಲ್ಲೇ ಇರುತ್ತದೆ. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಮ್ಯಾಟ್ ತೆಗೆದು ಬಚ್ಚಲ ಒಲೆಯ ಹತ್ತಿರದ ಗೋಡೆಗೆ ಒರಗಿಸಿ. ಓಡಿಸುವಾಗ ಮಂಜು ಬಂದರೆ ಚಳಿಯಾದರೂ ಎಸಿ ಹಾಕಿ, ಬಿಸಿ ಗಾಳಿ ಗಾಜಿಗೆ ತಿರುಗಿಸಿ. ಎಸಿ ಗಾಳಿಯ ಪಸೆ ತೆಗೆಯುತ್ತದೆ. ಹೊರಗಿನ ಗಾಳಿ ಬರುವ ಬಟನ್ ಒತ್ತಿರಬೇಕು, ಒಳಗಿನದ್ದೇ ಸುತ್ತುತ್ತಿದ್ದರೆ ಮಂಜು ಹೋಗುವುದಿಲ್ಲ.

ಸಂಜೆಯ ಕೆಲಸ ಅಂದೆನಲ್ಲ, ಕಣದಲ್ಲಿ ಕಾಫಿ ಹರಡಿದವರೂ ಕೇಳಿ. ಬಿಸಿಲು ಇಳಿಯುವ ಮುಂಚೆ, ಬೀಜ ಇನ್ನೂ ಬೆಚ್ಚಗಿರುವಾಗಲೇ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು. ಆರು ಗಂಟೆಗೆ ಫೋನಿನಲ್ಲಿ ಮಾತಾಡುತ್ತಾ ಹೋಗಿ ಹೊದಿಸಿದರೆ ಇಬ್ಬನಿಯನ್ನೂ ಸೇರಿಸಿ ಮುಚ್ಚಿದಂತೆ. ದೋಸೆ ಹಿಟ್ಟು ಹುಳಿ ಬರಲಿಲ್ಲ ಅಂತ ನನ್ನ ಸೊಸೆ ದಿನಾ ಕೊರಗುತ್ತಾಳೆ. ಮಾಗಿಯಲ್ಲಿ ರುಬ್ಬಿದ ಕೂಡಲೇ ಉಪ್ಪು ಹಾಕಬಾರದು, ಹುದುಗು ತಡವಾಗುತ್ತದೆ. ಉಪ್ಪು ಬೆಳಗ್ಗೆ. ಪಾತ್ರೆಯನ್ನು ಆರುತ್ತಿರುವ ಹಂಡೆ ಒಲೆಯ ಪಕ್ಕ ಇಡಿ. ಮೊಸರಿಗೆ ಹೆಪ್ಪು ಸ್ವಲ್ಪ ಜಾಸ್ತಿ ಹಾಕಿ, ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಡಿ.

ಒಲೆ ಅಂದ ಮೇಲೆ ಒಂದು ಮಾತು, ಇದನ್ನು ಬೈದೇ ಹೇಳುತ್ತೇನೆ. ಅಗ್ಗಿಷ್ಟಿಕೆಯ ಕೆಂಡ ತಂದು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಕಾಣದಿದ್ದರೂ ಅದು ಇರುತ್ತದೆ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಶೆಡ್ಡಿನ ಬಾಗಿಲು ಹಾಕಿಕೊಂಡು ಕಾರು ಬಿಸಿ ಮಾಡುವುದೂ ಅದೇ ಅಪಾಯ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕುವುದೂ ಅದೇ. ಬಿಸಿ ಬೇಕಾದರೆ ಮಲಗುವ ಮುಂಚೆ ಕಾಯಿಸಿಕೊಂಡು ಕೆಂಡ ಹೊರಗೆ ಹಾಕಿ, ಕಂಬಳಿ ಹೊದ್ದುಕೊಳ್ಳಿ. ಕಂಬಳಿಯನ್ನೂ ಮಧ್ಯಾಹ್ನ ಬಿಸಿಲಿಗೆ ಹಾಕಿ ಸಂಜೆಯೊಳಗೆ ಎತ್ತಿಟ್ಟರೆ ರಾತ್ರಿ ಅದರ ಸುಖವೇ ಬೇರೆ.

ನಮ್ಮದು ಇಷ್ಟಾದರೆ ಹಿಮ ಬೀಳುವ ಊರಿನವರ ಪಾಡು ಕೇಳಿ. ನನ್ನ ತಂಗಿ ಮಗಳು ಕೆನಡಾದ ವಿನಿಪೆಗ್‌ನಲ್ಲಿದ್ದಾಳೆ. ಅಲ್ಲಿ ಕಾರಿನ ಮುಂದೆ ಒಂದು ಪ್ಲಗ್ ನೇತಾಡುತ್ತಿರುತ್ತದೆ, ರಾತ್ರಿ ಅದನ್ನು ಕರೆಂಟಿಗೆ ಹಾಕಿ ಎಂಜಿನ್ ಬೆಚ್ಚಗಿಡುತ್ತಾರೆ. ಮೈನಸ್ 18 ಡಿಗ್ರಿಗೆ ಬ್ಯಾಟರಿಯ ಬಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದಂತೆ, ಅಲ್ಲಿ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಆಗಲು ಬಿಡುವುದಿಲ್ಲ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಮೇಣದಬತ್ತಿ, ತಿನ್ನಲು ಏನಾದರೂ ಇರಲೇಬೇಕು. ಹಿಮದಲ್ಲಿ ಸಿಕ್ಕಿಕೊಂಡರೆ ಮೊದಲು ಸೈಲೆನ್ಸರ್ ಪೈಪಿನ ಬಾಯಿಯ ಹಿಮ ತೆಗೆಯಬೇಕು, ಇಲ್ಲದಿದ್ದರೆ ಹೊಗೆ ಕಾರಿನೊಳಗೇ ಬರುತ್ತದೆ. ನಮ್ಮ ದೇಶದ ಲಡಾಖಿನಲ್ಲೂ ಮಾಮೂಲಿ ಡೀಸೆಲ್ ಮೇಣ ಕಟ್ಟಿಕೊಂಡು ಗಟ್ಟಿಯಾಗುತ್ತಿತ್ತು. 2019ರಲ್ಲಿ ಇಂಡಿಯನ್ ಆಯಿಲ್‌ನವರು ಅಲ್ಲಿಗೇ ಅಂತ ಮೈನಸ್ 33 ಡಿಗ್ರಿಯವರೆಗೆ ಹೆಪ್ಪುಗಟ್ಟದ ಡೀಸೆಲ್ ತಂದರು. ಆ ಕಡೆ ಗಾಡಿ ತೆಗೆದುಕೊಂಡು ಹೋಗುವ ಹುಡುಗರು ರೇಡಿಯೇಟರಿಗೆ ಬರೀ ನಲ್ಲಿ ನೀರು ತುಂಬಿಕೊಂಡು ಹೋಗಬೇಡಿ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳುತ್ತದೆ. ಕೂಲಂಟ್ ಹಾಕಿಸಿ. ಇಲ್ಲೇ ಓಡಿಸುವವರಿಗೂ ಅದೇ ಒಳ್ಳೆಯದು, ನೀರಿಗೆ ಒಳಗೆ ತುಕ್ಕು ಹಿಡಿಯುತ್ತದೆ.

ಇನ್ನು ಘಾಟಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜು ಕವಿದರೆ ಹೈ ಬೀಮ್ ಹಾಕುತ್ತಾರೆ. ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೈಟು ಇಳಿಸಿ, ಫಾಗ್ ಲ್ಯಾಂಪ್ ಇದ್ದರೆ ಹಾಕಿ, ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸಿದರೆ ಹಿಂದಿನವನಿಗೆ ನೀವು ನಿಂತಿದ್ದೀರೋ ತಿರುಗುತ್ತೀರೋ ತಿಳಿಯುವುದಿಲ್ಲ. ತೀರಾ ಕಾಣದಿದ್ದರೆ ಕೊಟ್ಟಿಗೆಹಾರದಲ್ಲೇ ನಿಲ್ಲಿಸಿ ಕಾಫಿ ಕುಡಿಯಿರಿ, ಯಾರೂ ಓಡಿಹೋಗುವುದಿಲ್ಲ. ಟೈರಿನ ಗಾಳಿಯನ್ನೂ ಬೆಳಗ್ಗೆ ಗಾಡಿ ತಣ್ಣಗಿದ್ದಾಗಲೇ ನೋಡಿಸಬೇಕು. ಐದಾರು ಡಿಗ್ರಿ ಚಳಿ ಏರಿದರೆ ಒಂದು ಪಾಯಿಂಟ್ ಗಾಳಿ ಇಳಿಯುತ್ತದೆ. ಎಷ್ಟು ಹಾಕಬೇಕು ಅನ್ನುವುದು ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಲೆಕ್ಕ, ಅದನ್ನು ನೋಡಿ ತುಂಬಿಸಬೇಡಿ.