ಗ್ರೋತ್ ಹಾರ್ಮೋನ್ ಪೆನ್ನು: ದಿನಕ್ಕೊಂದು ಸಲವೋ, ವಾರಕ್ಕೊಂದು ಸಲವೋ?

ಡೊಂಬಿವಲಿಯಲ್ಲಿರುವ ನಮ್ಮ ಅತ್ತಿಗೆಗೆ ಎರಡನೇ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು. ಮಗುವಿಗೆ ಹಾಲು ಬರಲಿಲ್ಲ, ಮುಟ್ಟೂ ಮತ್ತೆ ಶುರುವಾಗಲಿಲ್ಲ. ಬಾಣಂತಿ ನಿತ್ರಾಣ ಎಂದು ನಾವೆಲ್ಲ ಸುಮ್ನಿದ್ದೆವು. ಒಬ್ಬ ಡಾಕ್ಟರು ಟಾನಿಕ್ ಮೇಲೆ ಟಾನಿಕ್ ಬರೆದರು. ಆರು ವರ್ಷ ಕಳೆದ ಮೇಲೆ ಗೊತ್ತಾಯಿತು, ಅದು ಶೀಹನ್ ಸಿಂಡ್ರೋಮ್. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಸೊರಗಿ ಹೋಗುವ ಕಾಯಿಲೆ. ಗ್ರೋತ್ ಹಾರ್ಮೋನ್ ಬರುವುದೂ ಆ ಗ್ರಂಥಿಯಿಂದಲೇ. ಹಾಗಾಗಿ ಅತ್ತಿಗೆ ಈಗ ಅದನ್ನು ಪೆನ್ನಿನಂಥ ಇಂಜೆಕ್ಷನ್‌ನಲ್ಲಿ ಚುಚ್ಚಿಕೊಳ್ಳಬೇಕು.

ಗ್ರೋತ್ ಹಾರ್ಮೋನ್ ಅಂದಕೂಡಲೇ "ಈ ವಯಸ್ಸಲ್ಲಿ ಎತ್ತರ ಆಗ್ಬೇಕಾ?" ಎಂದು ಕೇಳುವವರೇ ಹೆಚ್ಚು. ದೊಡ್ಡವರಲ್ಲಿ ಅದರ ಕೆಲಸ ಬೇರೆ. ಅದು ಕಡಿಮೆಯಾದರೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸ್ನಾಯು ಸಣ್ಣಗಾಗುತ್ತವೆ, ಮೂಳೆ ಟೊಳ್ಳಾಗುತ್ತದೆ, ಯಾವುದಕ್ಕೂ ಮನಸ್ಸು ಬಾರದ ಸುಸ್ತು ಹಿಡಿಯುತ್ತದೆ. ಪಿಟ್ಯುಟರಿ ಗಡ್ಡೆ, ಅದರ ಆಪರೇಷನ್, ರೇಡಿಯೇಷನ್, ತಲೆಗೆ ಬಿದ್ದ ಪೆಟ್ಟು ಇವೆಲ್ಲ ಕಾರಣಗಳು. ಕೊಳಕುಮಂಡಲ ಕಚ್ಚಿ ಬದುಕಿ ಉಳಿದವರಲ್ಲೂ ಹೀಗಾಗುವುದುಂಟು.

ಮೊದಲು ಪರೀಕ್ಷೆ

ಯಾವ ಇಂಜೆಕ್ಷನ್ ಎಂಬ ಚರ್ಚೆ ಆಮೇಲೆ. ಕೊರತೆ ನಿಜವಾಗಿ ಇದೆಯೇ ಎಂದು ಹಾರ್ಮೋನ್ ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟ್, ಹೇಳಬೇಕು. ಮುಂಬಯಿಯ ಪರೇಲಿನಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಿಭಾಗವಿದೆ. ಗ್ರೋತ್ ಹಾರ್ಮೋನ್ ದಿನವಿಡೀ ಏರಿಳಿಯುತ್ತದೆ. ಹಾಗಾಗಿ ಒಂದು ಸಲ ರಕ್ತ ಕೊಟ್ಟು ಅದನ್ನು ಅಳೆದರೆ ಏನೂ ತಿಳಿಯುವುದಿಲ್ಲ. ಗ್ರೋತ್ ಹಾರ್ಮೋನಿನ ಪ್ರಭಾವದಿಂದ ಮೈಯಲ್ಲಿ ತಯಾರಾಗುವ, ಅಷ್ಟಾಗಿ ಏರಿಳಿಯದ ಐಜಿಎಫ್-1 ಎಂಬುದನ್ನು ನೋಡುತ್ತಾರೆ. ಜೊತೆಗೆ ಇನ್ಸುಲಿನ್ ಅಥವಾ ಗ್ಲುಕಗಾನ್ ಕೊಟ್ಟು ಗ್ರಂಥಿಯನ್ನು ಕೆಣಕಿ, ಹಾರ್ಮೋನ್ ಎಷ್ಟು ಬರುತ್ತದೆ ಎಂದು ಗಂಟೆಗಟ್ಟಲೆ ಕೂರಿಸಿ ಅಳೆಯುತ್ತಾರೆ. ಇನ್ಸುಲಿನ್ ಪರೀಕ್ಷೆಯಲ್ಲಿ ಸಕ್ಕರೆಯನ್ನು ಬೇಕೆಂದೇ ಇಳಿಸುತ್ತಾರೆ. ಹೃದಯದ ಕಾಯಿಲೆ ಅಥವಾ ಫಿಟ್ಸ್ ಇರುವವರಿಗೆ ಅದು ಬೇಡ. ಪಿಟ್ಯುಟರಿಯ ಬೇರೆ ಮೂರು ಹಾರ್ಮೋನುಗಳೂ ಕೈಕೊಟ್ಟು, ಐಜಿಎಫ್-1 ಕೂಡ ಕಡಿಮೆ ಇದ್ದರೆ ಈ ಕೆಣಕುವ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅತ್ತಿಗೆ ಹೀಗೇ ಪಾರಾದರು.

ಇನ್ನೊಂದು ಮಾತು. ಕಾರ್ಟಿಸಾಲ್ ಮತ್ತು ಥೈರಾಯ್ಡ್ ಹಾರ್ಮೋನುಗಳು ಮೊದಲು ಸರಿಯಾಗಬೇಕು. ಗ್ರೋತ್ ಹಾರ್ಮೋನ್ ಶುರು ಮಾಡಿದ ಮೇಲೆ ಅವುಗಳ ಅಡಗಿದ ಕೊರತೆ ಹೊರಬೀಳಬಹುದು, ಮೊದಲಿನ ಮಾತ್ರೆ ಸಾಲದೆ ಹೋಗಬಹುದು. ಕ್ಯಾನ್ಸರ್ ಇರುವವರಿಗೆ ಈ ಇಂಜೆಕ್ಷನ್ ಕೊಡುವುದಿಲ್ಲ. ಜಿಮ್ಮಿನಲ್ಲಿ ಯಾರೋ "ಬಾಡಿಗೆ ಒಳ್ಳೇದು" ಅಂದರೆ ಅಲ್ಲಿಂದ ಎದ್ದು ಬನ್ನಿ.

ಒಳಗಿನ ಔಷಧಿ ಒಂದೇ

ಹಿಂದೆ ಈ ಹಾರ್ಮೋನನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಿದುಳಿನ ಮಾರಕ ಕಾಯಿಲೆ ತಗುಲಿತು. 1985ರಿಂದ ಲ್ಯಾಬಿನಲ್ಲಿ ತಯಾರಾದ ಹಾರ್ಮೋನ್ ಬಂತು. ದಿನಾ ಚುಚ್ಚಿಕೊಳ್ಳುವ ನಾರ್ಡಿಟ್ರೋಪಿನ್, ಜೆನೊಟ್ರೋಪಿನ್, ಯುಟ್ರೋಪಿನ್ ಇವೆಲ್ಲದರೊಳಗೆ ಇರುವುದು ಸೊಮಾಟ್ರೋಪಿನ್ ಒಂದೇ. ಹಾಗಾಗಿ "ಯಾವ ಕಂಪನಿ ಸ್ಟ್ರಾಂಗು?" ಎಂದು ತಲೆ ಕೆಡಿಸಿಕೊಳ್ಳಬೇಡಿ. ಪೆನ್ನು ರೆಡಿ ಇದೆಯೋ, ಪುಡಿ ಕಲಸಬೇಕೋ? ಫ್ರಿಜ್ಜಿನಲ್ಲಿ ಎಷ್ಟು ದಿನ ಇರುತ್ತದೆ? ಮೆಡಿಕಲ್‌ನಲ್ಲಿ ಪ್ರತಿ ತಿಂಗಳೂ ಸಿಗುತ್ತದಾ? ಇವನ್ನು ಕೇಳಿ.

ಬೆಲೆ ಹೋಲಿಸುವಾಗ ನಾವು ಎಡವಿದ್ದು ಇಲ್ಲೇ. 10 ಮಿಲಿಗ್ರಾಂ ಪೆನ್ನು ಲೆಕ್ಕದಲ್ಲಿ ಅಗ್ಗ ಕಂಡಿತು. ಅತ್ತಿಗೆಯ ಡೋಸು ದಿನಕ್ಕೆ 0.2 ಮಿಲಿಗ್ರಾಂ. ಶುರು ಮಾಡಿದ ಪೆನ್ನನ್ನು ಫ್ರಿಜ್ಜಿನಲ್ಲಿ ನಾಲ್ಕೇ ವಾರ ಇಡಬಹುದು. 28 ದಿನಕ್ಕೆ ಖರ್ಚಾದದ್ದು 5.6, ಉಳಿದ 4.4 ಮಿಲಿಗ್ರಾಂ ಕಸಕ್ಕೆ! 5 ಮಿಲಿಗ್ರಾಂ ಪೆನ್ನಾದರೆ 25 ದಿನಕ್ಕೆ ಮುಗಿಯುತ್ತದೆ. ಕೆಲವು ಡಬ್ಬಿಗಳ ಮೇಲೆ ಯೂನಿಟ್ ಲೆಕ್ಕ ಇರುತ್ತದೆ. 1 ಮಿಲಿಗ್ರಾಂ ಅಂದರೆ 3 ಯೂನಿಟ್. ಕಾಗದ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕಿಯೇ ಪ್ರಿನ್ಸೆಸ್ ಸ್ಟ್ರೀಟಿನ ಔಷಧಿ ಅಂಗಡಿಗಳಿಗೆ ಹೋಗಿ.

ವಾರದ ಇಂಜೆಕ್ಷನ್

"ದಿನಾ ಚುಚ್ಚೋದು ಯಾರಿಗೆ ಬೇಕು ಮಾರಾಯ್ತಿ, ವಾರಕ್ಕೊಂದು ಸಾಕು" ಎಂದಿದ್ದರು ಅತ್ತಿಗೆ. ಅಂಥದ್ದೂ ಇದೆ. ಸೊಮಪಾಸಿಟಾನ್‌ಗೆ ಅಮೆರಿಕದಲ್ಲಿ 2020ರಲ್ಲಿ ವಯಸ್ಕರಿಗೆಂದು ಅನುಮತಿ ಸಿಕ್ಕಿತು. ಅದು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ನಿಧಾನವಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ವಾರಕ್ಕೆ 1.5 ಮಿಲಿಗ್ರಾಂನಿಂದ ಶುರು. ವಾರ ತಪ್ಪಿದರೆ ಮೂರು ದಿನದೊಳಗೆ ತೆಗೆದುಕೊಳ್ಳಬಹುದು. ಅದೂ ದಾಟಿದರೆ ಆ ವಾರ ಬಿಟ್ಟು ಮುಂದಿನದಕ್ಕೆ ಕಾಯಬೇಕು. ಐಜಿಎಫ್-1 ಪರೀಕ್ಷೆಗೆ ಯಾವ ದಿನ ಹೋಗಬೇಕೆಂದೂ ಲೆಕ್ಕ ಇಡಬೇಕು, ಚುಚ್ಚಿಕೊಂಡ 3-4 ದಿನಕ್ಕೆ.

ನನ್ನ ಅಭಿಪ್ರಾಯ ಕೇಳಿದರೆ, ಬೆಳಿಗ್ಗೆ 7:20ರ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವರಿಗೆ, ಮರೆವು ಜಾಸ್ತಿ ಇರುವವರಿಗೆ ವಾರದ್ದು ಒಳ್ಳೆಯದು. ಶುರುವಿನಲ್ಲಿ ಡೋಸು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ, ಆಗ ದಿನದ್ದೇ ವಾಸಿ. ಬೆರಳು ಊದಿ ಉಂಗುರ ಬಿಗಿಯಾದರೆ, ಮಣಿಕಟ್ಟು ಜುಮುಜುಮು ಎಂದರೆ, ಕೀಲು ನೋವು ಬಂದರೆ ಡಾಕ್ಟರಿಗೆ ಹೇಳಬೇಕು. ಡೋಸು ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ದಿನದ ಇಂಜೆಕ್ಷನ್ ಆದರೆ ಮರುದಿನದಿಂದಲೇ ಇಳಿಸಬಹುದು. ಸಕ್ಕರೆ ಏರಬಹುದು, ಅದನ್ನೂ ನೋಡಿಸುತ್ತಿರಿ. ಈಸ್ಟ್ರೋಜನ್ ಮಾತ್ರೆ ನುಂಗುವ ಹೆಂಗಸರಿಗೆ ಡೋಸು ಜಾಸ್ತಿ ಬೇಕಾಗುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಆದರೆ ಆ ತೊಂದರೆ ಇಲ್ಲ. ಈ ಮಾತನ್ನು ನಮಗೆ ಯಾರೂ ತಾವಾಗಿ ಹೇಳಲಿಲ್ಲ.

ಫ್ರಿಜ್ಜು ಮತ್ತು ರೈಲು

ಔಷಧಿ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಕೆಲವು ಪೆನ್ನುಗಳ ಚೀಟಿಯಲ್ಲಿ "25 ಡಿಗ್ರಿವರೆಗೆ ಹೊರಗೂ ಇಡಬಹುದು" ಎಂದಿದೆ. ಮುಂಬಯಿಯ ಮೇ ತಿಂಗಳಿಗೆ ಅದು ಅನ್ವಯಿಸುವುದಿಲ್ಲ, ಅಲ್ವಾ? ಅತ್ತಿಗೆ ಮೊದಲ ಪೆನ್ನನ್ನು ಫ್ರಿಜ್ಜಿನ ಮೇಲಿನ ಅರೆಯಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಮಂಜುಗಡ್ಡೆ. ಕರಗಿದ ಮೇಲೆ ನೀರಿನಷ್ಟೇ ತಿಳಿಯಾಗಿ ಕಂಡರೂ ಬಳಸುವಂತಿಲ್ಲ, ಎಸೆದೆವು. ಈಗ ನಡುವಿನ ಅರೆಯಲ್ಲಿ, ಸ್ಟೀಲ್ ಡಬ್ಬಿಯೊಳಗೆ ಇಡುತ್ತಾರೆ.

ಊರಿಗೆ ಹೊರಟಾಗಲೂ ಇದೇ ಕತೆ. ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆಯೇ ಇಳಿಯುವುದು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಡಿ, ಆದರೆ ಪೆನ್ನನ್ನು ಕೈಟವೆಲಿನಲ್ಲಿ ಸುತ್ತಿ ಇಡಿ. ಐಸ್ ನೇರವಾಗಿ ತಗುಲಬಾರದು.

ಚುಚ್ಚುವುದು

ರಾತ್ರಿ ಮಲಗುವ ಮುಂಚೆ ಚುಚ್ಚಿಕೊಳ್ಳುವುದು ರೂಢಿ, ಮೈಯಲ್ಲಿ ಈ ಹಾರ್ಮೋನ್ ಹೆಚ್ಚು ಬರುವುದೂ ನಿದ್ದೆಯಲ್ಲೇ. ಹೊಟ್ಟೆ ಅಥವಾ ತೊಡೆ, ದಿನಾ ಜಾಗ ಬದಲಿಸಿ. ಒಂದೇ ಕಡೆ ಚುಚ್ಚಿದರೆ ಚರ್ಮ ಹಳ್ಳ ಬೀಳಬಹುದು. ಪೆನ್ನನ್ನು ಕುಲುಕಬೇಡಿ. ಬಟನ್ ಒತ್ತಿದ ಮೇಲೆ ನಿಧಾನವಾಗಿ ಹತ್ತು ಎಣಿಸಿ ಸೂಜಿ ಹೊರತೆಗೆಯಿರಿ. ಪ್ರತಿ ಸಲ ಹೊಸ ಸೂಜಿ. ಹಳೆಯದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದ ಮೇಲೆ ಮುಚ್ಚಳ ಬಿಗಿದು ಆಸ್ಪತ್ರೆಗೆ ಕೊಡಿ. ಬಿಲ್ಡಿಂಗಿನ ಕಸ ಎತ್ತುವವರು ಬರಿಗೈಯಲ್ಲಿ ಚೀಲ ಹಿಡಿಯುತ್ತಾರೆ.