ಕೋವಿ ಕೊನೆಗೆ ಕೊಳ್ಳಿ: ಬ್ರಿಟನ್ನಿನಲ್ಲಿ ಕ್ಲೇ ಶೂಟಿಂಗ್ ಶುರುಮಾಡುವ ಕ್ರಮ

ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರಿಗೆ ಕ್ಲೇ ಶೂಟಿಂಗಿನ, ಅಂದರೆ ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಆಟದ, ಹುಚ್ಚು ಹಿಡಿದರೆ ಕಾಲು ನೇರ ಕೋವಿ ಅಂಗಡಿಯತ್ತ ನಡೆಯುತ್ತದೆ. ಇಟಲಿಯ ಜೋಡುನಳಿಗೆಯೊಂದಕ್ಕೆ ಮನಸೋತು ಮುಂಗಡ ಕೊಟ್ಟು ಬರುತ್ತಾರೆ. ಲೈಸೆನ್ಸಿನ ಫಾರಂ ತೆರೆಯುವುದು ಆಮೇಲೆ. ತಿಂಗಳುಗಟ್ಟಲೆ ಕಾಯುವಾಗ ಗೊತ್ತಾಗುತ್ತದೆ, ಕೋವಿ ತಮ್ಮ ಭುಜಕ್ಕೇ ಒಗ್ಗುವುದಿಲ್ಲ ಎಂದು. ಇಂಥವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಕೊಡಗಿನಿಂದ ಹೋದವರಿಗೆ ಒಂದು ಮಾತು. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ, ಕೊಡವರಿಗೆ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲಿರುವ ಲೈಸೆನ್ಸ್ ವಿನಾಯಿತಿ ಅಲ್ಲಿ ಮೂರು ಕಾಸಿಗೂ ಬಾರದು. ಮನೆಯಲ್ಲಿ ಎಷ್ಟು ತಲೆಮಾರಿನ ಕೋವಿಯಿದ್ದರೂ ಅಲ್ಲಿ ಎಲ್ಲರೂ ಹೊಸಬರೇ.

ಮೊದಲು ಮೈದಾನ

ಪೊಲೀಸರ ಅನುಮೋದನೆ ಪಡೆದ ಕ್ಲೇ ಮೈದಾನದಲ್ಲಿ, ಅನುಮೋದಿಸಿದ ಸಮಯದಲ್ಲಿ, ಸರ್ಟಿಫಿಕೇಟ್ (ಅಲ್ಲಿನ ಕೋವಿ ಲೈಸೆನ್ಸ್) ಇಲ್ಲದವರೂ ಶಾಟ್‌ಗನ್, ಅಂದರೆ ಚರೆಯ ಕೋವಿ, ಹಾರಿಸಬಹುದು. 1968ರ ಫೈರ್‌ಆರ್ಮ್ಸ್ ಕಾಯ್ದೆಯಲ್ಲೇ ಇದಕ್ಕೆ ಅವಕಾಶವಿದೆ. ಕೋವಿ, ತೋಟಾ, ಕಲಿಸುವವರು ಎಲ್ಲ ಅಲ್ಲೇ ಸಿಗುತ್ತಾರೆ. ಹಾರಿಬರುವ ಕ್ಲೇ ಎಂದರೆ ಸುಣ್ಣಕಲ್ಲಿನ ಪುಡಿ ಮತ್ತು ಪಿಚ್ ಬೆರೆಸಿ ಮಾಡಿದ, ಸುಮಾರು 11 ಸೆಂ.ಮೀ. ಅಗಲದ ಬಿಲ್ಲೆ. ಹೊಸಬರು ಸ್ಕೀಟ್ ಎಂಬ ಬಗೆಯಿಂದ ಶುರುಮಾಡಬೇಕು ಎಂಬುದು ನನ್ನ ಹಟ. ಎರಡು ಗೋಪುರಗಳಿಂದ ಬಿಲ್ಲೆ ಪ್ರತಿ ಸಲವೂ ಒಂದೇ ದಾರಿಯಲ್ಲಿ ಬರುವುದರಿಂದ ತಪ್ಪಿದ್ದು ಎಲ್ಲಿ ಎಂದು ತಿಳಿಯುತ್ತದೆ. ಸ್ಪೋರ್ಟಿಂಗ್ ಎಂಬ ಇನ್ನೊಂದು ಬಗೆಯಲ್ಲಿ ಬಿಲ್ಲೆ ಎಲ್ಲಿಂದ, ಯಾವ ವೇಗದಲ್ಲಿ ಬರುತ್ತದೆ ಎಂಬುದು ಮೈದಾನದಿಂದ ಮೈದಾನಕ್ಕೆ ಬೇರೆ. ಅದು ಆಮೇಲಿರಲಿ.

ಕೋವಿ ಎತ್ತುವ ಮುನ್ನ ಯಾವ ಕಣ್ಣು ಪ್ರಧಾನ ಎಂದು ನೋಡಿಕೊಳ್ಳಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ಮಾಡಿ, ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಇದ್ದರೆ ಬಲಗಣ್ಣು, ಪಕ್ಕಕ್ಕೆ ಜಿಗಿದರೆ ಎಡಗಣ್ಣು ಪ್ರಧಾನ. ಬಲಗೈಯವರಿಗೆ ಎಡಗಣ್ಣು ಪ್ರಧಾನವಾದರೆ ಕನ್ನಡಕದ ಎಡಗಾಜಿಗೆ ಟೇಪಿನ ಚೂರು ಅಂಟಿಸುವುದೊಂದು ಉಪಾಯ. ತೀರಾ ಹೊಸಬರಾದರೆ ಎಡಭುಜದಿಂದಲೇ ಕಲಿಯುವುದು ಲೇಸು. ಇನ್ನುಳಿದದ್ದು ಇಷ್ಟೇ: ನಳಿಗೆಯ ತುದಿ ನೋಡಬೇಡಿ, ಬಿಲ್ಲೆ ನೋಡಿ; ಟ್ರಿಗರ್ ಒತ್ತಿದ ಮೇಲೂ ಕೋವಿ ತಿರುಗುತ್ತಲೇ ಇರಲಿ. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಪಳಗಿದವರು ಎಡವುವುದು ಇಲ್ಲೇ. ನಿಂತ ಕಾಯಿಗೆ ಕೋವಿಯನ್ನೂ ನಿಲ್ಲಿಸಿ ಅಭ್ಯಾಸ, ಇಲ್ಲಿ ನಿಲ್ಲಿಸಿದರೆ ಚರೆಯೆಲ್ಲ ಬಿಲ್ಲೆಯ ಬೆನ್ನಹಿಂದೆ.

ಕಾಗದದ ಕೆಲಸ

ಕೆಡುವುದೆಲ್ಲ ಈ ಹಂತದಲ್ಲಿ. ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡ್‌ಗಳಲ್ಲಿ ಸ್ಥಳೀಯ ಪೊಲೀಸರಿಂದ ಶಾಟ್‌ಗನ್ ಸರ್ಟಿಫಿಕೇಟ್ ಪಡೆಯಬೇಕು. ಉತ್ತರ ಐರ್ಲೆಂಡಿನ ಕಾನೂನೇ ಬೇರೆ. ಹೊಸ ಸರ್ಟಿಫಿಕೇಟಿನ ಶುಲ್ಕ 2025ರ ಫೆಬ್ರವರಿಯಲ್ಲಿ 79.50 ಪೌಂಡಿನಿಂದ 194ಕ್ಕೆ ಏರಿತು. ಅವಧಿ 5 ವರ್ಷ.

ಫಾರಂನಲ್ಲಿ ಹಿಂದಿನ ಅಪರಾಧಗಳನ್ನು ಕೇಳುವ ಕಾಲಂ ಇದೆ. ‘ಹತ್ತು ವರ್ಷದ ಹಿಂದಿನದು, ಯಾರಿಗೆ ನೆನಪಿದೆ’ ಎಂದು ಬಿಡುವವರೇ ಹೆಚ್ಚು. ಉಳಿದ ಕೆಲಸಗಳಲ್ಲಿ ಕಾಲ ಕಳೆದ ಶಿಕ್ಷೆಯನ್ನು ಹೇಳಬೇಕಿಲ್ಲದಿರಬಹುದು, ಕೋವಿಯ ವಿಷಯದಲ್ಲಿ ಆ ರಿಯಾಯಿತಿ ಇಲ್ಲ. ಅತಿವೇಗದ ದಂಡವನ್ನೂ ಬರೆಯಿರಿ, ಭಾರತದಲ್ಲಿ ಆದ ಶಿಕ್ಷೆಯನ್ನೂ ಬರೆಯಿರಿ. ವೇಗದ ದಂಡಕ್ಕಾಗಿ ಸಾಮಾನ್ಯವಾಗಿ ಯಾರೂ ಅರ್ಜಿ ತಳ್ಳಿಹಾಕುವುದಿಲ್ಲ. ಮುಚ್ಚಿಟ್ಟದ್ದು ಸಿಕ್ಕರೆ ನಿಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. ಗೊತ್ತಿದ್ದೂ ಸುಳ್ಳು ಬರೆಯುವುದಂತೂ ಅದೇ ಒಂದು ಅಪರಾಧ.

ಆರೋಗ್ಯದ ಕಾಲಂನಲ್ಲಿ ನಮ್ಮವರ ಪೆನ್ನು ಇನ್ನೂ ಹೆಚ್ಚು ತಡವರಿಸುತ್ತದೆ. ಖಿನ್ನತೆಗೆ ಔಷಧ ತೆಗೆದುಕೊಂಡಿದ್ದನ್ನು ನೆಂಟರಿಗೇ ಹೇಳದವರು ಪೊಲೀಸರಿಗೆ ಹೇಳುತ್ತಾರೆಯೇ? ಆದರೆ 2021ರ ನವೆಂಬರಿನಿಂದ ವೈದ್ಯರ ಮಾಹಿತಿ ಬಾರದೆ ಸರ್ಟಿಫಿಕೇಟ್ ಕೊಡುವಂತಿಲ್ಲ. ದಾಖಲೆ ವೈದ್ಯರ ಬಳಿ ಹೇಗೂ ಇರುತ್ತದೆ. ಆದದ್ದನ್ನು ಎರಡು ಸಾಲಿನಲ್ಲಿ ನೇರವಾಗಿ ಬರೆಯಿರಿ: ಯಾವಾಗ, ಯಾವ ಚಿಕಿತ್ಸೆ, ಈಗ ಹೇಗಿದ್ದೀರಿ. ವೈದ್ಯರ ವರದಿಗೆ ಪ್ರತ್ಯೇಕ ಶುಲ್ಕವಿದೆ, ಅದು ಒಂದೊಂದು ಕಡೆ ಒಂದೊಂದು ಥರ.

ಪರಿಚಯ ಹೇಳುವ ಇಬ್ಬರು ಬೇಕು. ನಿಮ್ಮನ್ನು ಕನಿಷ್ಠ 2 ವರ್ಷದಿಂದ ಬಲ್ಲವರಾಗಿರಬೇಕು, ಬಂಧುಗಳಾಗಿರಬಾರದು. ಭಾವಮೈದುನ ನಡೆಯುವುದಿಲ್ಲ. ದೊಡ್ಡ ಹುದ್ದೆಯವರನ್ನು ಹುಡುಕುತ್ತ ಅಲೆಯಬೇಡಿ, ಪೊಲೀಸರು ಫೋನ್ ಮಾಡಿದರೆ ಎತ್ತುವವರು ಸಾಕು.

ಪೆಟ್ಟಿಗೆ ಮತ್ತು ಕೀಲಿ

ಅಧಿಕಾರಿ ಮನೆಗೆ ಬಂದು ನಿಮ್ಮನ್ನೂ ಕೋವಿ ಇಡುವ ಜಾಗವನ್ನೂ ನೋಡುತ್ತಾರೆ. ಕ್ಯಾಬಿನೆಟ್ ಕೊಳ್ಳುವಾಗ ಬಿಎಸ್ 7558 ಎಂಬ ಬ್ರಿಟಿಷ್ ಮಾನದಂಡದ ಗುರುತು ನೋಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ತೆಳುತಗಡಿನ ಡಬ್ಬಗಳನ್ನು ಒಂದು ಸ್ಕ್ರೂಡ್ರೈವರಿನಲ್ಲಿ ಮೀಟಬಹುದು. ಇಟ್ಟಿಗೆ ಗೋಡೆಗೇ ಬಿಗಿಯಬೇಕು. ಹೊಸ ಮನೆಗಳ ಒಳಗೋಡೆ ಬಹುಪಾಲು ಪ್ಲಾಸ್ಟರ್‌ಬೋರ್ಡ್, ಎಳೆದರೆ ಅದೂ ಪೆಟ್ಟಿಗೆಯ ಜೊತೆ ಬರುತ್ತದೆ. ಗ್ಯಾರೇಜ್ ಬೇಡ, ತೇವಕ್ಕೆ ಕೋವಿ ತುಕ್ಕು ಹಿಡಿಯುತ್ತದೆ.

ಕೀಲಿ ಎಲ್ಲಿದೆ ಎಂದು ಸರ್ಟಿಫಿಕೇಟ್ ಇಲ್ಲದ ಯಾರಿಗೂ ಗೊತ್ತಿರಬಾರದು, ಹೆಂಡತಿಗೂ ಗಂಡನಿಗೂ ಸಹ. ಬೀರುವಿನ ಕೀಲಿ ಸೀರೆಗಳ ಕೆಳಗೆ, ಮನೆಯ ಕೀಲಿ ದೇವರ ಗೂಡಿನಲ್ಲಿ ಇಡುವ ನಮಗೆ ಇದು ಒಗ್ಗುವುದೇ ಇಲ್ಲ. ‘ಕೀಲಿ ಎಲ್ಲಿಡ್ತೀರಿ?’ ಎಂದು ಅಧಿಕಾರಿ ಕೇಳಿದಾಗ ಪಕ್ಕದಲ್ಲಿ ಕೂತ ಮನೆಯವರು ಫ್ರಿಜ್ಜಿನ ಮೇಲೆ ಕೈ ತೋರಿಸಿದರೆ ಮುಗಿಯಿತು. ಅಂಕಿ ಒತ್ತುವ ಸಣ್ಣ ತಿಜೋರಿಯೊಂದನ್ನು ಕೀಲಿಗೆಂದೇ ಕೊಳ್ಳಿ. ಅಂಕಿ ಮಕ್ಕಳ ಹುಟ್ಟಿದ ದಿನ ಆಗಿರದಿರಲಿ.

ಕೋವಿ, ಆಮೇಲೆ ತೋಟಾ

ಸರ್ಟಿಫಿಕೇಟ್ ಬಂದಿತೇ? ಒಂದರ ಮೇಲೊಂದು ನಳಿಗೆಯಿರುವ 12 ಬೋರಿನ (ಬೋರ್ ಎಂದರೆ ನಳಿಗೆಯ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು), ಒಳ್ಳೆಯ ಸ್ಥಿತಿಯಲ್ಲಿರುವ ಸೆಕೆಂಡ್‌ಹ್ಯಾಂಡ್ ಕೋವಿ ಕೊಳ್ಳಿ. ಕೊಂಡ 7 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಸೆಮಿ ಆಟೋಮ್ಯಾಟಿಕ್ ನನಗಿಷ್ಟವಿಲ್ಲ. ಮಡಚಿ ತೆರೆದ ಜೋಡುನಳಿಗೆ ಖಾಲಿಯಿದೆ ಎಂದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ, ಸೆಮಿ ಆಟೋಮ್ಯಾಟಿಕ್‌ನಲ್ಲಿ ಹಾಗೆ ಕಾಣುವುದಿಲ್ಲ.

ತೋಟಾ ಕೊಳ್ಳಲೂ ಸರ್ಟಿಫಿಕೇಟ್ ತೋರಿಸಬೇಕು. ಹೊಸಬರಿಗೆ 21 ಅಥವಾ 24 ಗ್ರಾಂ ಚರೆಯ ತೋಟಾ ಸಾಕು. 28 ಗ್ರಾಂನದು ಭುಜಕ್ಕೆ ಗುದ್ದುತ್ತದೆ, ಗುದ್ದಿಗೆ ಹೆದರಿ ಕಣ್ಣು ಮುಚ್ಚುವ ಚಾಳಿ ಹತ್ತಿದರೆ ಬಿಡಿಸುವುದು ಕಷ್ಟ. ಚರೆಯ ಗಾತ್ರ ಏಳೂವರೆ ಅಥವಾ ಎಂಟನೇ ನಂಬರಿನದು. ಎಷ್ಟೋ ಮೈದಾನಗಳಲ್ಲಿ ಪ್ಲಾಸ್ಟಿಕ್ ವಾಡ್ (ತೋಟಾದೊಳಗೆ ಮದ್ದಿಗೂ ಚರೆಗೂ ನಡುವಿನ ಬಿರಡೆ) ನಿಷೇಧ, ಫೈಬರ್ ವಾಡಿನದನ್ನೇ ಕೇಳಿ. ತೋಟಾದ ಉದ್ದ ನಳಿಗೆಯ ಮೇಲೆ ಕೆತ್ತಿದ ಚೇಂಬರಿನ (ತೋಟಾ ಕೂರುವ ಗೂಡಿನ) ಉದ್ದ ಮೀರಬಾರದು, 65 ಮಿ.ಮೀ.ನ ಹಳೇ ಕೋವಿಗೆ 70ರದು ಹಾಕಬೇಡಿ.

20 ಬೋರಿನ ತೋಟಾವನ್ನು 12ರ ಜೊತೆ ಒಂದೇ ಜೇಬಿನಲ್ಲಿ ಎಂದಿಗೂ ಇಡಬೇಡಿ. ಅದು 12ರ ಚೇಂಬರು ದಾಟಿ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯಿದೆ ಎಂದುಕೊಂಡು ಹಿಂದೆ 12ರದು ತುಂಬಿ ಹಾರಿಸಿದರೆ ನಳಿಗೆ ಸಿಡಿದು ಬೆರಳುಗಳೇ ಹೋಗುತ್ತವೆ. 20ರದಕ್ಕೆ ಸಾಮಾನ್ಯವಾಗಿ ಹಳದಿ ಬಣ್ಣ ಕೊಡುವುದು ಇದಕ್ಕೇ. ಹಾಗೆಯೇ ‘ಢಂ’ ಬದಲು ‘ಫುಸ್’ ಎಂದರೆ ಮುಂದಿನದನ್ನು ತುಂಬಬೇಡಿ, ನಳಿಗೆಯೊಳಗೆ ವಾಡ್ ಸಿಕ್ಕಿಕೊಂಡಿರಬಹುದು. ಕೋವಿ ತೆರೆದು, ತೋಟಾ ತೆಗೆದು, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಸದ್ದೇ ಆಗದಿದ್ದರೆ ನಳಿಗೆಯನ್ನು ಮೈದಾನದತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ತೆರೆಯಿರಿ.